ಒಂದು ದಿನದ ಈಜು, ಒರತೆಯ ಋಣ

ಬಾವಿಯನ್ನು ನಾವು ತೋಡುತ್ತೇವೆ, ಕೆರೆಯನ್ನು ಕಟ್ಟುತ್ತೇವೆ, ಕೊಳವೆ ಬಾವಿಯನ್ನು ಕೊರೆಸುತ್ತೇವೆ. ಒರತೆಯ ಬಗ್ಗೆ ಹೀಗೆ ಹೇಳಲು ಬರುವುದಿಲ್ಲ. ಒರತೆ ಒಸರುತ್ತದೆ, ಜಿನುಗುತ್ತದೆ, ಏಳುತ್ತದೆ. ಆ ಕೆಲಸದಲ್ಲಿ ಮನುಷ್ಯನಿಗೆ ಪಾಲಿಲ್ಲವೆಂಬುದನ್ನು ನಮ್ಮ ಭಾಷೆ ಎಂದೋ ಒಪ್ಪಿಕೊಂಡಿದೆ. ನಾವು ದುಡಿದು ತಂದದ್ದಲ್ಲದ, ಹಣ ಕೊಟ್ಟು ಕೊಂಡದ್ದೂ ಅಲ್ಲದ ಒಂದು ವಸ್ತುವನ್ನು ಅನುಭವಿಸುವಾಗ ನಮ್ಮ ಮೇಲೆ ಎಂಥ ಹೊಣೆ ಬೀಳುತ್ತದೆ? ಕುಡಿಯಲಿಕ್ಕಾಗಲಿ ಬೆಳೆಗಾಗಲಿ ಅಲ್ಲ, ಬರಿಯ ಸಂತೋಷಕ್ಕಾಗಿ ಅನುಭವಿಸುವಾಗ?

ಪ್ರಶ್ನೆ ಪುಸ್ತಕದ್ದೆಂದು ಕಾಣಬಹುದು. ಆದರೆ ಇದು ಪ್ರತಿ ರಜೆಯಲ್ಲೂ ನಮ್ಮ ಎದುರಿಗೆ ಬರುವ ಪ್ರಶ್ನೆ. ಉತ್ತರ ಕನ್ನಡದ ಕರಾವಳಿಯಲ್ಲಿ, ಕುಮಟಾ ತಾಲೂಕಿನ ಸಂತೆಗುಳಿಯಂಥ ಒಳನಾಡಿನ ಊರುಗಳ ಕಡೆಗೆ, ಒರತೆಯ ನೀರು ತುಂಬಿದ ಕೊಳದಲ್ಲಿ ಒಂದು ದಿನ ಈಜಿ ಬರಲೆಂದು ಕುಟುಂಬಗಳು ಹೊರಡುತ್ತವೆ. ಭಟ್ಕಳ, ಹೊನ್ನಾವರ, ಕುಮಟಾಗಳಿಂದ ವಾಹನಗಳು ಬರುತ್ತವೆ. ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬಂದವರೂ ಅವುಗಳಲ್ಲಿರುತ್ತಾರೆ. ಸಮುದ್ರದ ನೀರಿನ ಉಪ್ಪು ತೆಗೆದು ಕೊಳವೆಯಲ್ಲಿ ಹರಿಸುವ ನಗರಗಳಲ್ಲಿ ಅವರ ಮಕ್ಕಳು ಬೆಳೆದಿದ್ದಾರೆ. ಆ ಮಕ್ಕಳಿಗೆ ಈಜುಕೊಳವೆಂದರೆ ಕ್ಲೋರಿನ್ ವಾಸನೆಯ ನೀಲಿ ಟೈಲ್ಸ್. ಯಂತ್ರವಿಲ್ಲದೆ, ಬಿಲ್ಲಿಲ್ಲದೆ, ಕಲ್ಲಿನ ಸಂದಿಯಿಂದ ತಣ್ಣಗೆ ಬರುವ ನೀರನ್ನು ನೋಡಿ ಅವರು ಕೇಳುವ ಮೊದಲ ಪ್ರಶ್ನೆ, 'ಇದನ್ನು ಯಾರು ಬಿಡುತ್ತಾರೆ?' ಎಂದು. ದೊಡ್ಡವರು ನಕ್ಕು ಸುಮ್ಮನಾಗುತ್ತಾರೆ. ಆದರೆ ಅದು ನಗುವ ಪ್ರಶ್ನೆಯಲ್ಲ.

ಯಾರು ಬಿಡುತ್ತಾರೆಂದು ನೋಡೋಣ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಬಿದ್ದ ನೀರೆಲ್ಲ ಹಾಗೆಯೇ ಓಡಿದರೆ ಒಂದೆರಡು ದಿನಗಳಲ್ಲಿ ಸಮುದ್ರ ಸೇರಬೇಕು. ಅದನ್ನು ತಡೆದು ನಿಲ್ಲಿಸುವುದು ಬೆಟ್ಟ. ಮರಗಳ ಎಲೆ, ನೆಲದ ಮೇಲಿನ ದರಕು, ಬೇರುಗಳು ಮಳೆಯ ಓಟವನ್ನು ನಿಧಾನಗೊಳಿಸುತ್ತವೆ. ಮನೆ ಕಟ್ಟಲು ನಾವು ಬಳಸುವ ಕೆಂಪು ಚಿರೆಕಲ್ಲು ತೂತುತೂತಾದ ಕಲ್ಲು. ಆ ತೂತುಗಳಲ್ಲಿ ನೀರು ಇಳಿಯುತ್ತದೆ. ಕೆಳಗೆ ನೀರು ಬಿಡದ ಜೇಡಿಯ ಪದರ ಸಿಕ್ಕಾಗ ಅಡ್ಡಕ್ಕೆ ಸರಿದು, ಇಳಿಜಾರಿನ ಬುಡದಲ್ಲಿ ಎಲ್ಲಿ ದಾರಿ ಸಿಗುತ್ತದೋ ಅಲ್ಲಿ ಹೊರಬರುತ್ತದೆ. ಎಂದರೆ ಮಳೆಗಾಲ ಮುಗಿದು ತಿಂಗಳುಗಳ ನಂತರ ನಾವು ಈಜುವುದು ಹಿಂದಿನ ಮಳೆಗಾಲದ ನೀರಿನಲ್ಲಿ. ಅದನ್ನು ನಮಗಾಗಿ ಕೂಡಿಟ್ಟು, ಸೋಸಿ, ಅಳತೆಯಿಂದ ಹೊರಗೆ ಬಿಡುವುದು ಮೇಲಿನ ಬೆಟ್ಟ. ಕೊಳವೆಂಬುದು ಬೆಟ್ಟದ ಕೊನೆಯ ಪುಟ ಮಾತ್ರ. ನಾವು ಆ ಪುಟವನ್ನಷ್ಟೇ ಓದಿ ಹಿಂದಿರುಗುತ್ತೇವೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಇಷ್ಟು ಮಳೆ ಬೀಳುವ ಇದೇ ತಾಲೂಕುಗಳ ಎಷ್ಟೋ ಊರುಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕರ್ ನೀರು ಬರುತ್ತದೆ. ಕೊಡ ಹಿಡಿದ ಹೆಂಗಸರು ರಸ್ತೆ ಬದಿಯಲ್ಲಿ ಕಾಯುತ್ತಿರುವಾಗ ಕೆಲವೇ ಮೈಲಿ ದೂರದಲ್ಲಿ ನಾವು ನೀರಿಗೆ ಹಾರಿ ಕೇಕೆ ಹಾಕುವುದು ಸರಿಯೇ? ಕೆಲವು ಸೂಕ್ಷ್ಮ ಮನಸ್ಸಿನವರಿಗೆ ಇದು ನಿಜವಾಗಿಯೂ ಕಾಡುತ್ತದೆ. ಆದರೆ ಯೋಚಿಸಿ ನೋಡಿದರೆ, ನಾವು ಈಜದೆ ವಾಪಸು ಬಂದ ಮಾತ್ರಕ್ಕೆ ಆ ಹೆಂಗಸರ ಕೊಡ ತುಂಬುವುದಿಲ್ಲ. ಈಜುವವನು ನೀರನ್ನು ಖರ್ಚು ಮಾಡುವುದಿಲ್ಲ. ಅವನ ಮೈಯನ್ನು ಮುಟ್ಟಿದ ನೀರು ಮುಂದೆ ಹರಿದು ಕೆಳಗಿನ ತೋಟಕ್ಕೋ ಗದ್ದೆಗೋ ಹೋಗುತ್ತದೆ. ಸಂತೋಷವೇ ಅಪರಾಧವೆಂದು ನಮ್ಮ ಧರ್ಮವೂ ಹೇಳಿಲ್ಲ. ಈಜು ಕಲಿಯುವುದನ್ನು ವ್ಯರ್ಥ ಆಟಗಳ ಸಾಲಿನಿಂದ ಹೊರಗಿಟ್ಟ ವರದಿಯೊಂದು ಹದೀಸ್ ಸಂಗ್ರಹಗಳಲ್ಲಿದೆ. ಆದ್ದರಿಂದ ಈಜುವುದು ತಪ್ಪೇ ಎಂಬ ಪ್ರಶ್ನೆಯನ್ನು ಇಲ್ಲಿಗೇ ಬಿಡೋಣ. ನಾವು ಬಂದು ಹೋದ ಮೇಲೆ ನೀರು ಕೆಟ್ಟಿತೇ? ನಮ್ಮ ಸಂತೋಷಕ್ಕಾಗಿ ಯಾರಾದರೂ ಹೊರಗೆ ನಿಲ್ಲಬೇಕಾಯಿತೇ? ನಾವು ಕೇಳಿಕೊಳ್ಳಬೇಕಾದ್ದು ಇವನ್ನು.

ಮೊದಲನೆಯದಕ್ಕೆ ಉತ್ತರ ಕೊಳದ ಸುತ್ತ ಒಮ್ಮೆ ನಡೆದರೆ ಸಿಗುತ್ತದೆ. ಶ್ಯಾಂಪೂ ಸ್ಯಾಶೆ, ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ, ಬಿರಿಯಾನಿ ತಿಂದು ಎಸೆದ ತಟ್ಟೆಗಳು. ಒರತೆಯ ಪಕ್ಕದಲ್ಲಿ ನೀರಿನ ಬಾಟಲಿ! ಸಿಹಿನೀರು ಹುಟ್ಟುವ ಜಾಗಕ್ಕೆ ನಾವು ಅಂಗಡಿಯಿಂದ ನೀರು ಕೊಂಡೊಯ್ದು, ಖಾಲಿ ಬಾಟಲಿಯನ್ನು ಅಲ್ಲಿ ಬಿಟ್ಟು ಬರುತ್ತೇವೆ. ಹರಿಯುವ ನದಿಯ ದಡದಲ್ಲಿದ್ದರೂ ವುಝೂ ಮಾಡುವಾಗ ನೀರನ್ನು ಪೋಲು ಮಾಡಬಾರದೆಂಬ ಪ್ರವಾದಿವರ್ಯರ(ಸ) ಉಪದೇಶವನ್ನು ನಾವೆಲ್ಲ ಮದ್ರಸದಲ್ಲೇ ಕೇಳಿದ್ದೇವೆ. ಅದರ ತರ್ಕವನ್ನು ಮಾತ್ರ ಹೆಚ್ಚು ಯೋಚಿಸಿಲ್ಲ. ಹರಿಯುವ ನದಿಯಿಂದ ಎರಡು ಬೊಗಸೆ ಹೆಚ್ಚು ತೆಗೆದರೆ ನದಿಗೆ ನಷ್ಟವಿಲ್ಲ, ತೆಗೆದ ನೀರು ಮತ್ತೆ ನದಿಗೇ ಬೀಳುತ್ತದೆ. ಹಾಗಿದ್ದೂ ಏಕೆ ತಡೆಯಬೇಕು? ಪೋಲು ಮಾಡಿ ಅಭ್ಯಾಸವಾದ ಕೈಗೆ ನದಿಯ ದಡ ಯಾವುದು, ಬತ್ತಿದ ಬಾವಿಯ ಕಟ್ಟೆ ಯಾವುದು ಎಂಬ ಭೇದ ತಿಳಿಯದು. ಮಿತವೆಂಬುದು ಕೊರತೆ ಬಂದಾಗ ಕಲಿಯುವ ಪಾಠವಲ್ಲ. ಸಮೃದ್ಧಿಯಲ್ಲಿ ಕಲಿತವನಿಗೆ ಮಾತ್ರ ಕೊರತೆಯ ಕಾಲದಲ್ಲಿ ಅದು ನೆನಪಿರುತ್ತದೆ. ಜನ ಬಳಸುವ ನೀರಿನ ತಾಣ, ಜನ ನಡೆಯುವ ದಾರಿ, ಜನ ಕೂರುವ ನೆರಳು, ಈ ಮೂರು ಕಡೆ ಹೊಲಸು ಮಾಡುವುದು ಶಾಪ ತರುವ ಕೆಲಸವೆಂದೂ, ನಿಂತ ನೀರಿನಲ್ಲಿ ಮೂತ್ರ ಮಾಡಬಾರದೆಂದೂ ಹದೀಸ್‌ಗಳು ಎಚ್ಚರಿಸಿವೆ. ಒರತೆಯ ಕೊಳದ ಬಳಿ ಈ ಮೂರೂ ಒಟ್ಟಿಗೆ ಇರುತ್ತವೆ. ನೀರಿದೆ, ದಾರಿಯಿದೆ, ಮರದ ನೆರಳಿದೆ. ಮಸೀದಿಯ ಹೌಝ್‌ನಲ್ಲಿ ಕಾಲು ಅದ್ದಲು ಹಿಂಜರಿಯುವ ನಾವು ಹಳ್ಳದ ನೀರಿನಲ್ಲಿ ಎಂಜಲು ತಟ್ಟೆ ತೊಳೆಯುತ್ತೇವೆಂದರೆ, ಶುಚಿತ್ವವನ್ನು ಜಾಗಕ್ಕೆ ಸೇರಿದ ಗುಣವೆಂದು ತಿಳಿದಿದ್ದೇವೆಯೇ ಹೊರತು ನಮ್ಮ ಗುಣವೆಂದು ತಿಳಿದಿಲ್ಲ.

ಎರಡನೆಯ ಪ್ರಶ್ನೆ ಇಷ್ಟು ಸುಲಭದ್ದಲ್ಲ. ಒರತೆ ಯಾರದ್ದಾದರೂ ಜಮೀನಿನಲ್ಲಿ ಏಳುತ್ತದೆ. ಜಮೀನಿನ ಒಡೆಯ ಕಲ್ಲು ಕಟ್ಟಿ ಕೊಳ ಮಾಡುತ್ತಾನೆ, ಮೆಟ್ಟಿಲು ಹಾಕುತ್ತಾನೆ, ಬಟ್ಟೆ ಬದಲಿಸಲು ಕೋಣೆ ಕಟ್ಟುತ್ತಾನೆ, ಬಂದವರಿಂದ ಹಣ ತೆಗೆದುಕೊಳ್ಳುತ್ತಾನೆ. ಇದು ನ್ಯಾಯವೇ? 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ, ಗುರುತಾದ ಪಾತ್ರದಲ್ಲಿ ಹರಿಯದೆ ನೆಲದಡಿಯಲ್ಲಿರುವ ನೀರನ್ನು ತನ್ನ ಗಡಿಯೊಳಗೆ ಸಂಗ್ರಹಿಸಿ ಬಳಸುವ ಹಕ್ಕು ಭೂಮಾಲಿಕನಿಗಿದೆ. ಅದೇ ಕಾಯ್ದೆಯ ಪ್ರಕಾರ, ತೊರೆಯಾಗಿ ಹರಿಯುವ ನೀರು ಅಡ್ಡಿಯಿಲ್ಲದೆ, ಹೇಳಿಕೊಳ್ಳುವಂಥ ಬದಲಾವಣೆಯಿಲ್ಲದೆ ಕೆಳಗಿನವನ ಜಮೀನನ್ನು ತಲುಪಬೇಕು. ಒರತೆಯಿರುವುದು ಸರಿಯಾಗಿ ಈ ಎರಡರ ನಡುವೆ. ಒಂದು ಗೇಣು ಹಿಂದೆ ಅದು 'ನನ್ನ' ನೀರು, ಒಂದು ಗೇಣು ಮುಂದೆ 'ನಮ್ಮ' ನೀರು. 1996ರಲ್ಲಿ ಎಂ.ಸಿ. ಮೆಹ್ತಾ ಮತ್ತು ಕಮಲ್ ನಾಥ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹಿಮಾಚಲದ ಬಿಯಾಸ್ ನದಿಯ ದಡದಲ್ಲಿ ಪ್ರವಾಸಿಗರ ಮೋಟೆಲ್ ಒಂದಕ್ಕಾಗಿ ನದಿಯ ಹರಿವನ್ನೇ ತಿರುಗಿಸಿದ ಪ್ರಕರಣವದು. ನದಿ, ಕಾಡು, ಕಡಲತೀರಗಳಂಥ ಸಂಪತ್ತಿಗೆ ಸರಕಾರ ಒಡೆಯನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಮಾತ್ರ ಎಂಬ ತತ್ವವನ್ನು ನ್ಯಾಯಾಲಯ ಎತ್ತಿಹಿಡಿಯಿತು. ವಿಹಾರಕ್ಕೆಂದು ಹೋಗುವ ನಮ್ಮಂಥವರ ಅನುಕೂಲಕ್ಕಾಗಿಯೇ ಆ ನದಿಯನ್ನು ತಿರುಗಿಸಲಾಗಿತ್ತೆಂಬುದನ್ನು ಮರೆಯಬಾರದು.

ಇಸ್ಲಾಮಿನ ಕರ್ಮಶಾಸ್ತ್ರ ಪಂಡಿತರು ಈ ಗೊಂದಲವನ್ನು ಶತಮಾನಗಳ ಹಿಂದೆಯೇ ಕೈಗೆತ್ತಿಕೊಂಡಿದ್ದರು. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನರೆಲ್ಲರೂ ಪಾಲುದಾರರೆಂಬ ಪ್ರವಾದಿ ವಚನ ಅವರಿಗೆ ಆಧಾರ. ಕೊಡದಲ್ಲಿ ತುಂಬಿ ತಂದ ನೀರು ತಂದವನದು, ಏಕೆಂದರೆ ಅದರಲ್ಲಿ ಅವನ ದುಡಿಮೆಯಿದೆ. ತಾನೇ ತೋಡಿದ ಬಾವಿಯ ಮೇಲೆ ಅವನಿಗೆ ಮೊದಲ ಹಕ್ಕು. ಆದರೆ ಬಾಯಾರಿದ ಮನುಷ್ಯನನ್ನೂ ಪ್ರಾಣಿಯನ್ನೂ ಅವನು ಹಿಂದಕ್ಕೆ ಕಳಿಸುವಂತಿಲ್ಲ. ಇದಕ್ಕೆ 'ಹಕ್ಕುಶ್ಶಫಾ' ಎಂದು ಹೆಸರು, ಬಾಯಾರಿಕೆಯ ಹಕ್ಕು ಎನ್ನಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಉಸ್ಮಾನಿಯಾ ಸಾಮ್ರಾಜ್ಯ ರೂಪಿಸಿದ 'ಮಜಲ್ಲಾ' ಕಾನೂನು ಸಂಹಿತೆಯಲ್ಲೂ ಇದಕ್ಕೆ ಸ್ಥಾನ ಸಿಕ್ಕಿತು. ಮದೀನಾದಲ್ಲಿ ನೀರಿಗೆ ಬೆಲೆ ಕಟ್ಟಿ ಮಾರಲಾಗುತ್ತಿದ್ದ ರೂಮಾ ಬಾವಿಯನ್ನು ಉಸ್ಮಾನ್(ರ) ಕೊಂಡು ಎಲ್ಲರಿಗೂ ತೆರೆದಿಟ್ಟ ಪ್ರಸಂಗ ಓದುಗರಿಗೆ ತಿಳಿದದ್ದೇ. ಈ ಅಳತೆಗೋಲನ್ನು ನಮ್ಮ ಕೊಳಕ್ಕೆ ಹಿಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮೆಟ್ಟಿಲಿಗೆ, ಕೋಣೆಗೆ, ಕಸ ಗುಡಿಸಿದ್ದಕ್ಕೆ, ಮಕ್ಕಳ ಮೇಲೆ ಕಣ್ಣಿಟ್ಟದ್ದಕ್ಕೆ ಒಡೆಯ ಹಣ ಪಡೆಯುವುದು ನ್ಯಾಯವೇ. ಆದರೆ ನೀರನ್ನು ಕೆಳಗಿನ ತೋಟದಿಂದ ತಿರುಗಿಸಿ ಕೊಳದಲ್ಲೇ ಕೂಡಿಹಾಕಿದರೆ ಅದು ನ್ಯಾಯವಲ್ಲ. ನೆನಪಿರುವ ಕಾಲದಿಂದ ಅಲ್ಲಿಂದ ಕೊಡ ತುಂಬಿಸುತ್ತಿದ್ದ ಮನೆಗಳನ್ನು ಗೇಟಿನ ಹೊರಗೆ ನಿಲ್ಲಿಸಿದರೂ ಅಷ್ಟೇ. ಬೇಸಿಗೆಯಲ್ಲಿ ಅದೇ ಗುಂಡಿಗೆ ಹಾರಿ ಈಜು ಕಲಿತ ಊರಿನ ಹುಡುಗ, ಪೇಟೆಯವರು ಬರತೊಡಗಿದ ಮೇಲೆ ಟಿಕೆಟ್ಟಿಗೆ ಕಾಸಿಲ್ಲದೆ ಬೇಲಿಯಾಚೆಯಿಂದ ನೋಡುತ್ತಾನೆಂದರೆ, ಆ ಬೇಲಿಯನ್ನು ಒಡೆಯನೊಬ್ಬನೇ ಹಾಕಿದ್ದಲ್ಲ. ನಮ್ಮ ಟಿಕೆಟ್ಟಿನ ಹಣವೂ ಅದರಲ್ಲಿ ಸೇರಿದೆ.

ನೀರಿಗೆ ಬೇಲಿ ಹಾಕುವುದು ಹೊಸದೇನಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಗೋವೆಯಿಂದ ಕೊಲ್ಲಂವರೆಗಿನ ಈ ಕರಾವಳಿಯನ್ನು ಕಂಡ ಪ್ರವಾಸಿ ಇಬ್ನ್ ಬತೂತ ಒಂದು ವಿವರ ಬರೆದಿಟ್ಟಿದ್ದಾನೆ. ದಾರಿಯುದ್ದಕ್ಕೂ ಅರ್ಧ ಮೈಲಿಗೊಂದರಂತೆ ಮರದ ತಂಗುಕಟ್ಟೆಗಳಿದ್ದವು, ಎಲ್ಲ ಧರ್ಮದ ದಾರಿಹೋಕರೂ ಅಲ್ಲಿ ಕೂರಬಹುದಿತ್ತು. ಪ್ರತಿಯೊಂದರ ಬಳಿ ಬಾವಿ, ನೀರು ಕೊಡಲು ಒಬ್ಬ ಮನುಷ್ಯ. ತನ್ನವರಿಗೆ ಅವನು ಪಾತ್ರೆಯಲ್ಲಿ ನೀರು ಕೊಡುತ್ತಿದ್ದ. ಮುಸ್ಲಿಮನಿಗೆ ಸಾಕೆನ್ನುವವರೆಗೂ ಬೊಗಸೆಗೆ ಹೊಯ್ಯುತ್ತಿದ್ದ. ಈ ಒಂದು ಚಿತ್ರದಲ್ಲಿ ನಮ್ಮ ಸಮಾಜದ ಔದಾರ್ಯವೂ ಅದರ ಮಿತಿಯೂ ಇದೆ. ನೀರಿತ್ತು, ಪಾತ್ರೆ ಇರಲಿಲ್ಲ. ಮುಸ್ಲಿಮನಿಗೆ ಬೊಗಸೆಗಾದರೂ ನೀರು ಬಿತ್ತು. ಬಾವಿಯ ಹತ್ತಿರಕ್ಕೂ ಬರಬಾರದೆನಿಸಿಕೊಂಡವರು ಈ ನೆಲದಲ್ಲಿ ಬೇರೆಯೇ ಇದ್ದರು. ಸಾರ್ವಜನಿಕ ಹಣದಿಂದ ನಡೆಯುವ ಬಾವಿ, ಕೆರೆ, ಧರ್ಮಶಾಲೆಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕೆಂಬ ಬೋಲೆ ಗೊತ್ತುವಳಿಯನ್ನು ಮುಂಬಯಿ ಶಾಸನ ಪರಿಷತ್ತು ಅಂಗೀಕರಿಸಿದ್ದು 1923ರಲ್ಲಿ. ಆಗ ನಮ್ಮ ಉತ್ತರ ಕನ್ನಡವೂ ಮುಂಬಯಿ ಪ್ರಾಂತದ ಜಿಲ್ಲೆಯೇ. ಕಾಗದದ ಮೇಲಿದ್ದ ಆ ಮಾತನ್ನು ನೆಲಕ್ಕಿಳಿಸಲು 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿಯಬೇಕಾಯಿತು. ಅದರ ಬೆನ್ನಿಗೇ ಹಲ್ಲೆ ನಡೆಯಿತು, ಕೆರೆಯನ್ನು 'ಶುದ್ಧೀಕರಣ' ಮಾಡಲಾಯಿತು. ಕೆರೆ ಖಾಸಗಿಯದೆಂದು ಹೂಡಿದ ದಾವೆ ಮುಂಬಯಿ ಹೈಕೋರ್ಟಿನಲ್ಲಿ ಇತ್ಯರ್ಥವಾಗಿ ಅಂಬೇಡ್ಕರ್ ಪಕ್ಷಕ್ಕೆ ಜಯ ಸಿಕ್ಕಿದ್ದು 1937ರಲ್ಲಿ. ನಮ್ಮ ಸಂವಿಧಾನದ 15ನೇ ವಿಧಿ ಬಾವಿ, ಕೆರೆಗಳ ಜೊತೆಗೆ ಸ್ನಾನಘಟ್ಟವನ್ನೂ ಹೆಸರಿಸಿ ಹೇಳಿರುವುದರ ಹಿಂದೆ ಇಷ್ಟೆಲ್ಲ ನೋವಿದೆ.

ಇದು ನಮ್ಮ ದೇಶದ ಕಾಯಿಲೆ ಮಾತ್ರವೂ ಅಲ್ಲ. ಅಮೆರಿಕದ ದಕ್ಷಿಣದ ಊರುಗಳಲ್ಲಿ ಕರಿಯರಿಗೂ ಈಜುಕೊಳ ತೆರೆಯಬೇಕೆಂದು ನ್ಯಾಯಾಲಯಗಳು ಹೇಳಿದಾಗ, ಹಲವು ನಗರಸಭೆಗಳು ಕೊಳಗಳನ್ನೇ ಮುಚ್ಚಿಬಿಟ್ಟವು. ಮಿಸಿಸಿಪ್ಪಿಯ ಜಾಕ್ಸನ್ ನಗರ ಹಾಗೆ ಮುಚ್ಚಿದ್ದನ್ನು 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೂ ಒಪ್ಪಿತು. ಇನ್ನೊಬ್ಬನೊಡನೆ ಹಂಚಿಕೊಳ್ಳುವುದಕ್ಕಿಂತ ತನ್ನ ಮಗುವಿನ ಈಜನ್ನೂ ಕಳೆದುಕೊಳ್ಳಲು ಮನುಷ್ಯ ಸಿದ್ಧನಾಗುತ್ತಾನೆಂಬುದು ದ್ವೇಷದ ಬಗ್ಗೆ ನಾವು ತಿಳಿಯಬೇಕಾದ ದೊಡ್ಡ ಸತ್ಯ. ನಮ್ಮ ಕರಾವಳಿಯಲ್ಲಿ, ವಿಹಾರಕ್ಕೆ ಹೋದ ಯುವಕ ಯುವತಿಯರನ್ನು ತಡೆದು ಹೆಸರು ಕೇಳಿ ಧರ್ಮ ಪತ್ತೆ ಹಚ್ಚುವ ಪುಂಡಾಟವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬೇರೆಯವರ ಬೇಲಿಯನ್ನು ತೋರಿಸುವವರು ತಮ್ಮದನ್ನೂ ನೋಡಬೇಕು. ನಮ್ಮೊಂದಿಗೆ ಅಡುಗೆ ಪಾತ್ರೆ ಹೊತ್ತು ಬಂದವನು, ವಾಹನ ಓಡಿಸಿಕೊಂಡು ಬಂದವನು ನಮ್ಮ ಜೊತೆ ನೀರಿಗಿಳಿಯುತ್ತಾನೆಯೇ? ಅವನ ಊಟ ನಮ್ಮ ಸಾಲಿನಲ್ಲಿ ಆಗುತ್ತದೆಯೇ, ಅಥವಾ ಕೊನೆಗೆ ಮರದ ಹಿಂದೆಯೇ?

ಇನ್ನೂ ಹತ್ತಿರದ ಬೇಲಿಯೊಂದಿದೆ. ಇಂಥ ವಿಹಾರದ ದಿನ ಹೇಗೆ ಕಳೆಯುತ್ತದೆಂದು ನಮಗೆಲ್ಲ ಗೊತ್ತು. ಗಂಡಸರೂ ಹುಡುಗರೂ ಬಂದಕೂಡಲೇ ನೀರಿಗೆ ಬೀಳುತ್ತಾರೆ. ಹೆಂಗಸರು ಚಾಪೆ ಹಾಸಿ, ತಟ್ಟೆ ಎಣಿಸಿ, ಒದ್ದೆ ಬಟ್ಟೆ ಹಿಂಡಿ, ಅಳುವ ಮಗುವನ್ನು ಸಂತೈಸುತ್ತಾರೆ. ಕಳೆದ ವರ್ಷದವರೆಗೆ ಅಣ್ಣನೊಂದಿಗೆ ಹಾರುತ್ತಿದ್ದ ಹನ್ನೆರಡರ ಹುಡುಗಿ ಈ ವರ್ಷ ಮೆಟ್ಟಿಲ ಮೇಲೆ ಕೂತು ಕಾಲು ಮಾತ್ರ ಇಳಿಬಿಡುತ್ತಾಳೆ. ಅವಳಿಗೆ ಯಾರೂ ಬೇಡವೆಂದಿಲ್ಲ. ಬಾ ಎಂದೂ ಹೇಳಿಲ್ಲ. ಮರ್ಯಾದೆಯ ಪ್ರಶ್ನೆ ಎನ್ನುತ್ತೇವೆ. ಮರ್ಯಾದೆ ಬೇಕು, ಸರಿ. ಆದರೆ ಮರ್ಯಾದೆಗೆ ದಾರಿ ಹುಡುಕುವ ಕಷ್ಟವನ್ನು ಗಂಡಸರೇಕೆ ತೆಗೆದುಕೊಳ್ಳುವುದಿಲ್ಲ? ಮುಸ್ಲಿಮ್ ನಗರಗಳ ಹಮ್ಮಾಮ್‌ಗಳಲ್ಲಿ ಹೆಂಗಸರಿಗೆ ಬೇರೆ ದಿನ, ಬೇರೆ ಹೊತ್ತು ಗೊತ್ತುಪಡಿಸುವ ಪದ್ಧತಿ ಹಳೆಯದು. ಕೊಳದಲ್ಲಿಯೂ ಬೆಳಗಿನ ಎರಡು ಗಂಟೆ ಹೆಂಗಸರದು ಎಂದು ನಿಶ್ಚಯಿಸಿ, ಗಂಡಸರು ಆ ಹೊತ್ತಿನಲ್ಲಿ ದೂರ ಹೋಗಿ ಅಡುಗೆ ನೋಡಿಕೊಂಡರೆ ಯಾವ ಧರ್ಮಕ್ಕೂ ಧಕ್ಕೆಯಿಲ್ಲ. ಇದೇ ಇಬ್ನ್ ಬತೂತ 1340ರ ದಶಕದಲ್ಲಿ ಕಂಡ ಹೊನ್ನಾವರದಲ್ಲಿ ಹುಡುಗರಿಗೆ 23 ಶಾಲೆಗಳಿದ್ದಂತೆ ಹುಡುಗಿಯರಿಗೆ 13 ಶಾಲೆಗಳಿದ್ದವೆಂದು ಬರೆದಿದ್ದಾನೆ. ಅಂಥ ಊರಿನ ವಾರಸುದಾರರಿಗೆ ಎರಡು ಗಂಟೆ ಹೊಂದಿಸುವುದು ಅಸಾಧ್ಯವೇ? ಇಲ್ಲಿ ಸುಖದ ಜೊತೆ ಜೀವದ ಪ್ರಶ್ನೆಯೂ ಇದೆ. 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಹೇಳುತ್ತದೆ. ಅವರಲ್ಲಿ ಮಕ್ಕಳೂ ಹದಿಹರೆಯದವರೂ ಬಹಳ. ಹೊಳೆ, ಹಳ್ಳ, ಕಡಲುಗಳ ನಡುವೆ ಬದುಕುವ ಜಿಲ್ಲೆಯಲ್ಲಿ ಹೆಣ್ಣುಮಗುವಿಗೆ ಈಜು ಕಲಿಸದಿರುವುದು ಮರ್ಯಾದೆಯಲ್ಲ, ನಿರ್ಲಕ್ಷ್ಯ.

ಬೇಲಿಯಿಲ್ಲದ ಒರತೆಗಳೂ ನಮ್ಮ ನಾಡಿನಲ್ಲಿವೆ. ಬಾದಾಮಿಯ ಬಳಿಯ ಮಹಾಕೂಟದಲ್ಲಿ ಚಾಲುಕ್ಯರ ಕಾಲದ ಗುಡಿಗಳ ನಡುವೆ ಒರತೆಯಿಂದ ತುಂಬುವ ಪುಷ್ಕರಿಣಿಯಿದೆ. ಬಿಸಿಲ ನಾಡಿನ ಆ ತಂಪು ನೀರಿನಲ್ಲಿ ಭಕ್ತರು ಮುಳುಗು ಹಾಕುತ್ತಾರೆ, ಹುಡುಗರು ಕಟ್ಟೆಯಿಂದ ಹಾರಿ ಈಜುತ್ತಾರೆ. ಪೂಜೆಗೂ ಆಟಕ್ಕೂ ನಡುವೆ ಅಲ್ಲಿ ಜಗಳವಿಲ್ಲ. ಬೀದರಿನ ನಾನಕ್ ಝೀರಾದಲ್ಲಿ ಕಲ್ಲಿನ ಸಂದಿಯಿಂದ ಸಿಹಿನೀರು ಬರುತ್ತದೆ. ಸೂಫಿ ಫಕೀರರು ನೆಲೆಸಿದ್ದ ಆ ಜಾಗಕ್ಕೆ ಗುರುನಾನಕರು ಬಂದಾಗ, ನೀರಿಲ್ಲದೆ ಕಂಗೆಟ್ಟಿದ್ದ ಜನರಿಗಾಗಿ ಪಾದದಿಂದ ಕಲ್ಲು ಸರಿಸಿದರು, ಒರತೆ ಚಿಮ್ಮಿತು ಎಂಬುದು ಅಲ್ಲಿನ ನಂಬಿಕೆ. ಇಂದಿಗೂ ಅಲ್ಲಿ ಬಂದವರಿಗೆ ಜಾತಿ ಧರ್ಮ ಕೇಳದೆ ನೀರೂ ಊಟವೂ ಸಿಗುತ್ತದೆ. ಕಥೆಯನ್ನು ಯಾರು ಹೇಗಾದರೂ ಓದಿಕೊಳ್ಳಲಿ, ಒರತೆಗೆ ಅಡ್ಡವಾಗಿರುವ ಕಲ್ಲನ್ನು ಸರಿಸುವವನೇ ಸಂತ ಎಂಬ ಅದರ ತೀರ್ಪು ಎಲ್ಲರಿಗೂ ಸಲ್ಲುತ್ತದೆ.

ಇಷ್ಟಾದರೂ ಋಣದ ಲೆಕ್ಕ ಮುಗಿಯುವುದಿಲ್ಲ. ಕೊಳವನ್ನು ಶುಚಿಯಾಗಿಟ್ಟು, ಎಲ್ಲರಿಗೂ ತೆರೆದಿಟ್ಟು, ಮೇಲಿನ ಬೆಟ್ಟವನ್ನು ಮರೆತರೆ ಕೊನೆಗೆ ಉಳಿಯುವುದು ಮೆಟ್ಟಿಲು ಮಾತ್ರ. ಮರ ಕಡಿದು ಬೋಳಾದ ಬೆಟ್ಟದಲ್ಲಿ ಮಳೆ ನಿಲ್ಲುವುದಿಲ್ಲ. ಚಿರೆಕಲ್ಲಿನ ಗಣಿ ನೀರು ಹಿಡಿಯುವ ಪದರವನ್ನೇ ಕಿತ್ತು ಒಯ್ಯುತ್ತದೆ. ಆಳದ ಕೊಳವೆ ಬಾವಿಗಳು ಒರತೆಗೆ ಬರಬೇಕಾದ ನೀರನ್ನು ದಾರಿಯಲ್ಲೇ ಎಳೆದುಕೊಳ್ಳಬಹುದು. ಹಿಮಾಲಯ ಪ್ರದೇಶದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಒರತೆಗಳು ಬತ್ತುತ್ತಿವೆ ಎಂದು ನೀತಿ ಆಯೋಗದ 2018ರ ವರದಿ ಎಚ್ಚರಿಸಿತು. ಅದೇ ಹಿಮಾಲಯದ ಸಿಕ್ಕಿಂ ರಾಜ್ಯ 2008ರಲ್ಲಿ 'ಧಾರಾ ವಿಕಾಸ್' ಎಂಬ ಯೋಜನೆ ಆರಂಭಿಸಿ, ಬೆಟ್ಟದ ಇಳಿಜಾರಿನಲ್ಲಿ ಇಂಗುಗುಂಡಿ ತೋಡಿ, ಗಿಡ ನೆಟ್ಟು, ಸೊರಗಿದ್ದ ಹಲವು ಒರತೆಗಳನ್ನು ಮತ್ತೆ ಹರಿಸಿ ತೋರಿಸಿತು. ನಮ್ಮ ಜಿಲ್ಲೆಗೆ ಇದು ಅಪರಿಚಿತ ವಿದ್ಯೆಯಲ್ಲ. ಅಡಿಕೆ ತೋಟದವರು ಸೊಪ್ಪಿನ ಬೆಟ್ಟವನ್ನು ಕಾಯ್ದುಕೊಂಡದ್ದೂ, ಅಬ್ಬಿಯ ನೀರನ್ನು ಅಡಿಕೆ ಮರದ ದಬ್ಬೆಯಲ್ಲಿ ಅಂಗಳಕ್ಕೆ ತಂದದ್ದೂ ಬೆಟ್ಟ ಮತ್ತು ನೀರಿನ ಸಂಬಂಧ ಗೊತ್ತಿದ್ದುದರಿಂದಲೇ. ದಬ್ಬೆ ಹೋಗಿ ಪ್ಲಾಸ್ಟಿಕ್ ಪೈಪು ಬಂದಾಗ ಅನುಕೂಲವೇನೋ ಆಯಿತು. ನೀರು ಎಲ್ಲಿಂದ ಬರುತ್ತದೆಂದು ಕಣ್ಣಿಗೆ ಕಾಣುವುದು ತಪ್ಪಿತು.

ಒಂದು ದಿನಕ್ಕೆ ಬಂದು ಹೋಗುವವನು ಇದರಲ್ಲಿ ಏನು ಮಾಡಬಲ್ಲ? ಅತಿಥಿಯಾಗಿ ಇರಬಲ್ಲ. ಅತಿಥಿಗೆ ಮನೆಯ ಮೇಲೆ ಹಕ್ಕಿಲ್ಲ, ಆದರೆ ಮನೆಯವರ ಕಷ್ಟಸುಖ ವಿಚಾರಿಸುವ ಕರ್ತವ್ಯವಿದೆ. ಈ ನೀರು ಮುಂದೆ ಯಾರ ತೋಟಕ್ಕೆ ಹೋಗುತ್ತದೆ, ಮೇ ತಿಂಗಳಲ್ಲಿ ಎಷ್ಟು ಉಳಿಯುತ್ತದೆ, ಮೇಲಿನ ಬೆಟ್ಟ ಹೇಗಿದೆ ಎಂದು ಊರಿನವರನ್ನು ಕೇಳಲು ಹಣ ಬೇಕಾಗಿಲ್ಲ. ಕೊಳ ಕಟ್ಟಿ ಹಣ ಮಾಡುವ ಒಡೆಯನೂ, ಹಣ ಕೊಟ್ಟು ಈಜುವ ನಾವೂ, ಗ್ರಾಮ ಪಂಚಾಯತಿಯೂ ಸೇರಿ ಟಿಕೆಟ್ಟಿನ ಒಂದು ಪಾಲನ್ನು ಬೆಟ್ಟದ ಇಂಗುಗುಂಡಿಗಳಿಗೆ ಮೀಸಲಿಟ್ಟರೆ, ಊರಿನ ಮಕ್ಕಳಿಗೆ ಗೇಟು ಬಿಟ್ಟುಕೊಟ್ಟರೆ, ಅದು ದಾನವಾಗದು. ಬಾಕಿ ಸಂದಾಯ ಮಾತ್ರ. ಕೊಲ್ಲಿಯಿಂದ ಬಂದ ಮಗು ಕೇಳಿದ ಪ್ರಶ್ನೆಗೆ ಆಗ ನಗದೆ ಉತ್ತರ ಹೇಳಬಹುದು. ಮಗುವಿನ ಕೈ ಹಿಡಿದು, ಊಟಕ್ಕೆ ಮೊದಲು ಅರ್ಧ ಗಂಟೆ ಬೆಟ್ಟ ಹತ್ತಿಸಿ, ದರಕಿನ ಕೆಳಗಿನ ತೇವದ ಮಣ್ಣನ್ನು ಮುಟ್ಟಿಸಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಉಳಿದರ್ಧವನ್ನು ಅದು ದೊಡ್ಡದಾದ ಮೇಲೆ ತಾನೇ ಹುಡುಕಿಕೊಳ್ಳಲಿ. ಅಲ್ಲಿಯವರೆಗೆ ಒರತೆ ಉಳಿದಿರುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.